ಬಾಯಿಯೊಳಗಿನ ಅಮಾನತ್



ಕೆಲವು ವರ್ಷಗಳ ಹಿಂದೆ ನನ್ನ ಕೆಳದವಡೆಯ ಒಂದು ಹಲ್ಲು ಹುಳುಕಾಗಿ ಮೂರು ರಾತ್ರಿ ನಿದ್ದೆ ಕೆಡಿಸಿತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ನೋವಿನ ಮಾತ್ರೆ ನುಂಗಿದೆ. ಕೊನೆಗೆ ದಂತವೈದ್ಯರ ಬಳಿಗೆ ಹೋದೆ. ಅವರು ಹಲ್ಲಿನ ಒಳಗಿನ ನರವನ್ನು ತೆಗೆದು, ಬೇರಿನ ನಾಳವನ್ನು ಶುಚಿಗೊಳಿಸಿ ತುಂಬಿಸಿ, ಮೇಲೊಂದು ಕ್ಯಾಪ್ ಕೂರಿಸಿದರು. ನಾನು ಹಣ ಕೊಟ್ಟು ಏಳುವಾಗ, “ಇನ್ನು ಈ ಹಲ್ಲನ್ನು ಉಳಿದ ಹಲ್ಲುಗಳಿಗಿಂತ ಹೆಚ್ಚು ಜೋಪಾನ ಮಾಡಬೇಕು, ಆಗಾಗ ಬಂದು ತೋರಿಸುತ್ತಿರಿ” ಎಂದರು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಅಂದುಕೊಂಡದ್ದು ಮಾತ್ರ ಬೇರೆ: “ಕ್ಯಾಪ್ ಹಾಕಿಸಿ ಆಯಿತಲ್ಲ, ಇನ್ನು ಅದಕ್ಕೆ ಹುಳ ಹಿಡಿಯುವುದೆಲ್ಲಿಂದ?”

ಆರು ವರ್ಷ ಅತ್ತ ಸುಳಿಯಲಿಲ್ಲ. ನೋವೂ ಇರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಕ್ಯಾಪ್ ಕಳಚಿ ತುತ್ತಿನೊಂದಿಗೆ ಕೈಗೆ ಬಂತು. ಅದರೊಳಗೆ ನನ್ನ ಹಲ್ಲಿನ ಅರ್ಧ ಭಾಗ ಕಪ್ಪಾಗಿ, ಮೆತ್ತಗಾಗಿ, ದುರ್ವಾಸನೆ ಬೀರುತ್ತಿತ್ತು. ಹೊರಗಿನ ಕ್ಯಾಪ್ ಹಾಕಿಸಿದ ದಿನದಂತೆಯೇ ಹೊಳೆಯುತ್ತಿತ್ತು. ವೈದ್ಯರು ನೋಡಿ, “ಇದನ್ನು ಇನ್ನು ಉಳಿಸಲಾಗದು, ಕೀಳಬೇಕು” ಎಂದರು. ದೋಷ ಅವರದಲ್ಲ, ಕ್ಯಾಪ್‌ನದೂ ಅಲ್ಲ. ಅವರು ಹೇಳಿದ್ದನ್ನು ಕೇಳದವನು ನಾನು.

ಮನೆಗೆ ಬಂದು ಉಮ್ಮನಿಗೆ ಹೇಳಿದೆ. ಅವರು ಒಂದೇ ಮಾತು ಹೇಳಿದರು: “ಮದುವೆಗೆಂದು ನೆರೆಮನೆಯಿಂದ ತಂದ ಪಾತ್ರೆಯನ್ನು ಉಜ್ಜಿ ತೊಳೆದು ಹಿಂದಿರುಗಿಸುತ್ತೀಯಲ್ಲ ಮಗಾ, ಅಲ್ಲಾಹನು ಕೊಟ್ಟದ್ದನ್ನು ಹೀಗೆ ಮಾಡಿದೆಯಲ್ಲ!”

ಆ ಮಾತು ಹಲ್ಲು ಕಿತ್ತದ್ದಕ್ಕಿಂತ ಹೆಚ್ಚು ನೋಯಿಸಿತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಹಲ್ಲು ಯಾರದಾಗಿತ್ತು? ಅದು ಹಾಳಾದುದಕ್ಕೆ ನಾನು ಯಾರಿಗಾದರೂ ಉತ್ತರ ಹೇಳಬೇಕಾಗಿದೆಯೇ? ನೀವೂ ಒಮ್ಮೆ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕೆಂದು ಈ ಲೇಖನ.

ನನ್ನ ಹಲ್ಲು, ನನ್ನ ಇಷ್ಟ?

“ದೇಹ ನನ್ನದು, ಅದನ್ನು ಹೇಗಾದರೂ ಇಟ್ಟುಕೊಳ್ಳುತ್ತೇನೆ, ಕೇಳಲು ನೀನಾರು?” ಎಂದು ವಾದಿಸುವವರಿದ್ದಾರೆ. ಮೇಲ್ನೋಟಕ್ಕೆ ಇದು ನ್ಯಾಯವಾದ ಮಾತೆಂದೇ ತೋರುತ್ತದೆ. ನನ್ನ ಹಲ್ಲು ಹುಳುಕಾದರೆ ನೋವು ನನಗೆ, ಖರ್ಚು ನನಗೆ. ಇತರರಿಗೇನು ನಷ್ಟ?

ಆದರೆ ಸ್ವಲ್ಪ ಯೋಚಿಸಿ. ಮಾಲೀಕತ್ವವು ಮೂರು ದಾರಿಗಳಲ್ಲಿ ಬರುತ್ತದೆ. ವಸ್ತುವನ್ನು ನಾವೇ ತಯಾರಿಸಿರಬೇಕು, ಇಲ್ಲವೇ ಬೆಲೆ ಕೊಟ್ಟು ಕೊಂಡಿರಬೇಕು, ಇಲ್ಲವೇ ಯಾರಾದರೂ ಪೂರ್ತಿಯಾಗಿ ನಮಗೆ ಬಿಟ್ಟುಕೊಟ್ಟಿರಬೇಕು. ಹಲ್ಲನ್ನು ನಾವು ತಯಾರಿಸಲಿಲ್ಲ. ತಾಯಿಯ ಗರ್ಭದಲ್ಲಿರುವಾಗಲೇ ನಮ್ಮ ಹಾಲುಹಲ್ಲುಗಳ ಮೊಳಕೆ ಒಸಡಿನೊಳಗೆ ರೂಪುಗೊಂಡಿರುತ್ತದೆ. ಅದಕ್ಕೆ ನಾವು ಬೆಲೆಯನ್ನೂ ಕೊಡಲಿಲ್ಲ. ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದಾರೆಯೇ? ಕುರ್‌ಆನ್ ಹೇಳುವುದು ಅದಕ್ಕೆ ವಿರುದ್ಧವಾಗಿದೆ. ಕಿವಿ, ಕಣ್ಣು, ಹೃದಯ ಪ್ರತಿಯೊಂದರ ಕುರಿತೂ ವಿಚಾರಣೆ ಇದೆಯೆಂದು ಸೂರಃ ಬನೀ ಇಸ್ರಾಈಲ್‌ನಲ್ಲಿ ಎಚ್ಚರಿಸಲಾಗಿದೆ. ಅನುಗ್ರಹಗಳ ಬಗ್ಗೆ ಅಂದು ಖಂಡಿತ ಕೇಳಲಾಗುವುದೆಂದು ಸೂರಃ ಅತ್ತಕಾಸುರ್ ಮುಕ್ತಾಯಗೊಳ್ಳುತ್ತದೆ. ಲೆಕ್ಕ ಕೇಳುವವನೊಬ್ಬನಿದ್ದಾನೆ ಎಂದಾದರೆ ನಾವು ಮಾಲೀಕರಲ್ಲ, ಅಮಾನತ್ ಹೊತ್ತವರು.

ಪ್ರವಾದಿವರ್ಯರು(ಸ) ತಮ್ಮ ಅನುಚರ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಆ ಸಂದರ್ಭವನ್ನು ಗಮನಿಸಬೇಕು. ಆ ಸಹಾಬಿ ಕುಡಿತ ಜೂಜುಗಳಲ್ಲಿ ದೇಹ ಕೆಡಿಸಿಕೊಂಡವರಲ್ಲ. ಹಗಲೆಲ್ಲಾ ಉಪವಾಸ, ರಾತ್ರಿಯೆಲ್ಲಾ ನಮಾಝ್ ಎಂದು ದೇಹವನ್ನು ದಣಿಸಿದವರು. ಆರಾಧನೆಯ ಹೆಸರಿನಲ್ಲಿಯೂ ದೇಹದ ಹಕ್ಕನ್ನು ಕಸಿಯಬಾರದು ಎಂದಾದರೆ, ಕೇವಲ ಸೋಮಾರಿತನದಿಂದ ಕಸಿಯುವುದಕ್ಕೆ ಏನು ಸಮರ್ಥನೆಯಿದೆ?

ಎಷ್ಟರ ಮಟ್ಟಿಗೆ ಹೊಣೆ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಎಷ್ಟು ಉಜ್ಜಿದರೂ ಕೆಲವರ ಹಲ್ಲು ಹಾಳಾಗುತ್ತದೆ. ಬಡವನಿಗೆ ರೂಟ್ ಕೆನಾಲ್ ಮಾಡಿಸಲು ಹಣವಿಲ್ಲ. ಸಕ್ಕರೆ ಕಾಯಿಲೆಯವರ ಒಸಡು ಬೇಗ ಸೋಲುತ್ತದೆ, ಕೆಲವು ಔಷಧಿಗಳಿಂದ ಬಾಯಿ ಒಣಗಿ ಹಲ್ಲು ಕೆಡುತ್ತದೆ. ಇವರೆಲ್ಲ ಅಮಾನತ್ ಕೆಡಿಸಿದವರೇ?

ಇದಕ್ಕೆ ನಮ್ಮ ಫಿಕ್‌ಹ್ ವಿದ್ವಾಂಸರು ಬೇರೊಂದು ಅಧ್ಯಾಯದಲ್ಲಿ ಸುಂದರವಾದ ಉತ್ತರ ಕೊಟ್ಟಿದ್ದಾರೆ. ಗಲ್ಫಿಗೆ ಹೊರಟ ನೆರೆಯವರೊಬ್ಬರು ತಮ್ಮ ಒಡವೆಯ ಪೆಟ್ಟಿಗೆಯನ್ನು ನಿಮ್ಮಲ್ಲಿ ಇಟ್ಟು ಹೋದರೆನ್ನಿ. ನೀವು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ಆದರೂ ಕಳ್ಳ ಬೀಗ ಒಡೆದು ಕೊಂಡೊಯ್ದ. ನೀವು ನಷ್ಟ ತುಂಬಿಕೊಡಬೇಕಾಗಿಲ್ಲ. ಅದೇ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಪೇಟೆಗೆ ಹೋದಿರಿ, ಅದು ಕಳವಾಯಿತು ಎಂದಾದರೆ ನೀವೇ ಹೊಣೆ. ವಸ್ತು ಉಳಿಯಿತೇ ಹೋಯಿತೇ ಎಂಬುದಕ್ಕಿಂತ, ಕಾಪಾಡುವವನು ತನ್ನ ಕೈಲಾದಷ್ಟನ್ನು ಮಾಡಿದನೇ ಎಂಬುದೇ ಅಲ್ಲಿನ ಪ್ರಶ್ನೆ.

ಹಲ್ಲಿಗೂ ಇದೇ ನ್ಯಾಯವನ್ನು ಅನ್ವಯಿಸಿ ನೋಡಿ. ಎಪ್ಪತ್ತರ ಹರೆಯದಲ್ಲಿ ಬೋಳುಬಾಯಿಯಾದ ಬಡ ಮುದುಕನ ಲೆಕ್ಕ ಹಗುರವಿರಬಹುದು. ಕೈಯಲ್ಲಿ ಹಣವಿದ್ದು, ತಿಳುವಳಿಕೆಯಿದ್ದು, ಎರಡು ನಿಮಿಷ ಉಜ್ಜಲು ಬೇಸರಪಟ್ಟ ನನ್ನಂಥವನ ಲೆಕ್ಕ ಭಾರವಿರಬಹುದು. ಆದ್ದರಿಂದ ಇನ್ನೊಬ್ಬರ ಹುಳುಕು ಹಲ್ಲನ್ನು ನೋಡಿ ಮೂಗು ಮುರಿಯುವ ಅಧಿಕಾರ ಯಾರಿಗೂ ಇಲ್ಲ. ಅವರ ಬೀಗ ಎಷ್ಟು ಭದ್ರವಾಗಿತ್ತು, ಕಳ್ಳ ಎಷ್ಟು ಬಲಶಾಲಿಯಾಗಿದ್ದ ಎಂಬುದು ನಮಗೇನು ಗೊತ್ತು? ಈ ಅಳತೆಗೋಲು ನಮ್ಮ ಬಾಯಿಗಷ್ಟೇ.

ಹುಳವಿಲ್ಲದ ಹುಳುಕು

ಹಾಗಾದರೆ ಕಳ್ಳ ಯಾರು, ಅವನು ಬರುವ ದಾರಿ ಯಾವುದು ಎಂಬುದನ್ನು ಅರಿಯಬೇಕು. ಹಲ್ಲಿಗೆ ಹುಳ ಹಿಡಿಯುತ್ತದೆ ಎಂಬುದು ನಮ್ಮಲ್ಲಿ ಮಾತ್ರವಲ್ಲ, ಜಗತ್ತಿನ ಅನೇಕ ನಾಡುಗಳಲ್ಲಿ ಸಾವಿರಾರು ವರ್ಷ ಉಳಿದುಬಂದ ನಂಬಿಕೆ. ವಾಸ್ತವದಲ್ಲಿ ಹುಳವಿಲ್ಲ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ಅವು ಹಲ್ಲಿನ ಮೇಲೆ ಅಂಟಂಟಾದ ಪದರವಾಗಿ ಕೂತು, ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲವನ್ನು ಹೊರಬಿಡುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜಾಂಶ ಕರಗತೊಡಗುತ್ತದೆ. ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದನ್ನು ಕರಗಿಸುವುದು ಒಂದು ಚಮಚ ಸಕ್ಕರೆ!

ಆದರೆ ಸೃಷ್ಟಿಕರ್ತನು ಕಾವಲಿಲ್ಲದೆ ಬಿಟ್ಟಿಲ್ಲ. ಜೊಲ್ಲು ಹರಿದುಬಂದು ಆಮ್ಲವನ್ನು ತೊಳೆಯುತ್ತದೆ, ಕರಗಿದ ಖನಿಜಾಂಶವನ್ನು ಪುನಃ ಹಲ್ಲಿಗೆ ಸೇರಿಸುತ್ತದೆ. ಈ ಕೆಲಸಕ್ಕೆ ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡುವು ಬೇಕು. ನಾವು ಗಂಟೆಗೊಮ್ಮೆ ಸಿಹಿ ಚಹಾ ಕುಡಿದು, ನಡುವೆ ಬಿಸ್ಕತ್ತು, ಮಿಠಾಯಿ ಬಾಯಿಗೆ ಹಾಕಿಕೊಂಡರೆ ಆ ಬಿಡುವು ಸಿಗುವುದೇ ಇಲ್ಲ. ದಿನಕ್ಕೆ ಒಟ್ಟು ಎಷ್ಟು ಸಕ್ಕರೆ ತಿಂದೆವು ಎಂಬುದು ಮುಖ್ಯವೇ. ಆದರೆ ಹಲ್ಲಿನ ಮಟ್ಟಿಗೆ ಎಷ್ಟು ಸಲ ತಿಂದೆವು ಎಂಬುದು ಇನ್ನೂ ಮುಖ್ಯ.

ಇನ್ನು ಕ್ಯಾಪ್‌ನ ಮಾತು. ಲೋಹದ್ದಿರಲಿ, ಪಿಂಗಾಣಿಯದ್ದಿರಲಿ, ಈಗ ಬಳಕೆಗೆ ಬಂದಿರುವ ಜಿರ್ಕೋನಿಯಾದ್ದಿರಲಿ, ಕ್ಯಾಪ್ ಹುಳುಕಾಗುವುದಿಲ್ಲ ಎಂಬುದು ನಿಜ. ಆದರೆ ಅದು ಹಲ್ಲಿನ ತಲೆಗೆ ತೊಡಿಸಿದ ಟೋಪಿ ಮಾತ್ರ. ಒಳಗೆ ಇರುವುದು ನಮ್ಮದೇ ಹಲ್ಲು, ಬೇರೂ ನಮ್ಮದೇ. ಒಸಡಿನ ಬಳಿ ಕ್ಯಾಪ್‌ನ ಅಂಚು ಮುಗಿದು ಹಲ್ಲು ಆರಂಭವಾಗುವ ಒಂದು ಗೆರೆಯಿದೆ. ಕಳ್ಳ ಬರುವುದು ಆ ಗೆರೆಯಲ್ಲಿ. ಅಲ್ಲಿ ಆಹಾರದ ಕಣ, ಕೊಳೆ ನಿಂತರೆ ಅಂಚಿನ ಸಿಮೆಂಟ್ ಸವೆದು ಹುಳುಕು ಟೋಪಿಯ ಕೆಳಗೆ ನುಸುಳುತ್ತದೆ. ವಯಸ್ಸಾದಂತೆ ಒಸಡು ಇಳಿದು ಬೇರು ಹೊರಗೆ ಕಂಡರೆ ಅಪಾಯ ಇನ್ನೂ ಹೆಚ್ಚು. ಏಕೆಂದರೆ ಬೇರಿಗೆ ಎನಾಮೆಲ್‌ನ ರಕ್ಷಣೆಯಿಲ್ಲ, ಎನಾಮೆಲ್ ತಡೆದುಕೊಳ್ಳುವ ಆಮ್ಲಕ್ಕೂ ಅದು ಕರಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಒಂದು ಕ್ಯಾಪ್ ಸಾಮಾನ್ಯವಾಗಿ 10ರಿಂದ 15 ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬಾಳುತ್ತದೆ. ನನ್ನದು ಆರಕ್ಕೇ ಮುಗಿಯಿತು.

ನೋವಿಲ್ಲದಿರುವುದು ಆರೋಗ್ಯವೇ?

ಈ ಆರು ವರ್ಷ ನನಗೆ ಏಕೆ ಗೊತ್ತಾಗಲಿಲ್ಲ? ಏಕೆಂದರೆ ಆ ಹಲ್ಲಿನ ನರವನ್ನು ಮೊದಲೇ ತೆಗೆಯಲಾಗಿತ್ತು. ನರವಿಲ್ಲದ ಹಲ್ಲು ಕೊಳೆಯಬಲ್ಲದು, ಆದರೆ ಕೂಗಲಾರದು. ಹುಳುಕು ಹಲ್ಲಿನ ನೋವನ್ನು ಶಪಿಸುತ್ತಿದ್ದ ನನಗೆ ಅಂದು ಅದರ ಬೆಲೆ ತಿಳಿಯಿತು. ನೋವು ಒಂದು ಕರುಣೆ. ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಬಡಿಯುವ ನೆರೆಯವನಂತೆ ಅದು.

ಈಗ ಇದನ್ನು ಅಂತರಂಗಕ್ಕೆ ಅನ್ವಯಿಸಿ ನೋಡಿ. ಮನುಷ್ಯನು ಪಾಪವೆಸಗಿದಾಗ ಅವನ ಹೃದಯದ ಮೇಲೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪಪಟ್ಟರೆ ಅದು ಅಳಿಯುತ್ತದೆ, ಮುಂದುವರಿಸಿದರೆ ಚುಕ್ಕೆ ಬೆಳೆದು ಹೃದಯವನ್ನೇ ಮುಚ್ಚುತ್ತದೆ ಎಂಬ ಆಶಯದ ಹದೀಸ್ ತಿರ್ಮಿದಿಯಲ್ಲಿದೆ. ಹಲ್ಲಿನ ಹುಳುಕೂ ಹಾಗೆಯೇ ಸಣ್ಣದೊಂದು ಚುಕ್ಕೆಯಿಂದ ಆರಂಭವಾಗುತ್ತದೆ. ಎನಾಮೆಲ್ ಇನ್ನೂ ಒಡೆಯದಿರುವ ಮೊದಲ ಹಂತದಲ್ಲಿ ಅದನ್ನು ಶುಚಿತ್ವದಿಂದ, ಫ್ಲೋರೈಡ್‌ನಿಂದ ಹಿಂದೆ ತಿರುಗಿಸಬಹುದು. ಗುಳಿ ಬಿದ್ದ ಮೇಲೆ ತಾನಾಗಿ ತುಂಬುವುದಿಲ್ಲ.

ಮೊದಲ ಸಲ ಸುಳ್ಳು ಹೇಳಿದಾಗ ಎದೆ ಅಳುಕುತ್ತದೆ. ಹತ್ತನೆಯ ಸಲ ಅಳುಕುವುದಿಲ್ಲ. ಆಗ ನಾವು “ಮನಸ್ಸು ಈಗ ನಿರಾಳವಾಗಿದೆ” ಎನ್ನುತ್ತೇವೆ! ನಿರಾಳವಾದದ್ದಲ್ಲ, ನರ ಸತ್ತದ್ದು. ಹೊರಗೆ ಗಡ್ಡ, ಟೋಪಿ, ಹಿಜಾಬ್, ಸಭೆಗಳಲ್ಲಿ ಮುಂದಿನ ಸಾಲು, ಎಲ್ಲವೂ ಕ್ಯಾಪ್‌ನಂತೆ ಹೊಳೆಯುತ್ತಿರಬಹುದು. ಅಂಚಿನ ಗೆರೆಯಲ್ಲಿ, ಅಂದರೆ ವ್ಯಾಪಾರದ ತಕ್ಕಡಿಯಲ್ಲಿ, ಸೊಸೆಯೊಂದಿಗಿನ ಮಾತಿನಲ್ಲಿ, ಕೂಲಿಯಾಳಿನ ಸಂಬಳದಲ್ಲಿ ಏನು ನಡೆಯುತ್ತಿದೆ ಎಂದು ನೋಡುವವರಾರು? ತೌಬಾ ಎಂದರೆ ಮುಚ್ಚುವುದಲ್ಲ, ಕೊಳೆತ ಭಾಗವನ್ನು ತೆಗೆದು ಶುಚಿಗೊಳಿಸುವುದು. ಒಮ್ಮೆ ಶುಚಿಗೊಳಿಸಿದ ಮೇಲೂ ಆ ಜಾಗವನ್ನು ಹೆಚ್ಚು ಎಚ್ಚರದಿಂದ ಕಾಯುವುದು. ಒಮ್ಮೆ ಹುಳುಕಾದ ಹಲ್ಲಿನಂತೆ ಒಮ್ಮೆ ಸೋತ ಮನಸ್ಸೂ ಅದೇ ಜಾಗದಲ್ಲಿ ಮತ್ತೆ ಸೋಲುವ ಸಂಭವ ಹೆಚ್ಚು.

ಈ ಅರಿವಿಗೆ ಬೆಲೆ ತೆತ್ತವರು

ಪದೇ ಪದೇ ಸಿಹಿ ತಿನ್ನುವುದೇ ಹಲ್ಲಿಗೆ ಹೆಚ್ಚು ಹಾನಿಕರವೆಂದು ಮೇಲೆ ಹೇಳಿದೆನಲ್ಲ, ಅದು ಹೇಗೆ ತಿಳಿಯಿತು ಗೊತ್ತೇ? ಸ್ವೀಡನ್ ದೇಶದ ಲುಂಡ್ ನಗರದಲ್ಲಿ ವಿಪೆಹೋಲ್ಮ್ ಎಂಬ ಆಸ್ಪತ್ರೆಯಿತ್ತು. ಬುದ್ಧಿ ಬೆಳವಣಿಗೆ ಕುಂಠಿತವಾದವರನ್ನು ಅಲ್ಲಿ ಇರಿಸಲಾಗುತ್ತಿತ್ತು. 1945ರಿಂದ ಅಲ್ಲಿ ಹಲ್ಲಿನ ಹುಳುಕಿನ ಬಗ್ಗೆ ಸರಕಾರದ ಒಪ್ಪಿಗೆಯೊಂದಿಗೆ ಪ್ರಯೋಗಗಳು ನಡೆದವು. ಮುಂದಿನ ವರ್ಷಗಳಲ್ಲಿ ಕೆಲವರಿಗೆ ಊಟದೊಂದಿಗೆ ಸಕ್ಕರೆ, ಇನ್ನು ಕೆಲವರಿಗೆ ಊಟದ ನಡುವೆ ಹಲ್ಲಿಗೆ ಅಂಟಿಕೊಳ್ಳುವ ಟಾಫಿಗಳನ್ನು ಕೊಡಲಾಯಿತು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ! ಊಟದೊಂದಿಗೆ ಸಕ್ಕರೆ ತಿಂದವರ ಹಲ್ಲುಗಳಿಗೆ ಅಷ್ಟಾಗಿ ಹಾನಿಯಾಗಲಿಲ್ಲ. ನಡುನಡುವೆ ಟಾಫಿ ತಿಂದವರಲ್ಲಿ ಅನೇಕರ ಹಲ್ಲುಗಳು ಹಾಳಾದವು. ವರದಿ 1954ರಲ್ಲಿ ಪ್ರಕಟವಾಯಿತು. ಇಂದಿಗೂ ದಂತವೈದ್ಯರು ಕೊಡುವ ಸಲಹೆಯ ಒಂದು ಮುಖ್ಯ ಆಧಾರ ಅದು.

ಆ ರೋಗಿಗಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳುವ ಸ್ಥಿತಿಯಲ್ಲಿ ಅವರಲ್ಲಿ ಹೆಚ್ಚಿನವರು ಇರಲಿಲ್ಲ. ಅವರ ದೇಹವೂ ಅಮಾನತ್ ಆಗಿತ್ತು, ಅವರನ್ನು ಕಾಯಲು ನೇಮಿಸಲ್ಪಟ್ಟವರೇ ಅದನ್ನು ಮುರಿದರು. ಲೋಕಕ್ಕೆ ಉಪಕಾರವಾಯಿತು ಎಂಬ ಕಾರಣಕ್ಕೆ ದುರ್ಬಲರ ಮೇಲಿನ ಅನ್ಯಾಯ ನ್ಯಾಯವಾಗದು. ಹಾಗೆಂದು ಆ ಅರಿವನ್ನು ನಾವು ಎಸೆಯಲೂ ಆಗದು. ಒಂದಂತೂ ನಿಜ: ಇಷ್ಟು ದುಬಾರಿ ಬೆಲೆಗೆ ಬಂದ ತಿಳುವಳಿಕೆ ಕೈಯಲ್ಲಿದ್ದೂ ನಮ್ಮ ಮಕ್ಕಳ ಕೈಗೆ ದಿನವಿಡೀ ಮಿಠಾಯಿ ಕೊಡುತ್ತಿದ್ದರೆ, ಅದನ್ನು ತಿಳಿಯದೆ ಮಾಡಿದ್ದೆಂದು ಹೇಳಲು ನಮಗೆ ಬಾಯಿಲ್ಲ.

ವಿಧಿಯ ನೆಪ, ಶುಚಿತ್ವದ ಮಾದರಿ

“ಎಲ್ಲ ಅಲ್ಲಾಹನ ವಿಧಿ, ಹೋಗುವ ಹಲ್ಲು ಹೋಗುತ್ತದೆ” ಎನ್ನುವವರು ಇದ್ದಾರೆ. ಒಂಟೆಯನ್ನು ಕಟ್ಟಿಹಾಕಿ ಭರವಸೆ ಇಡಬೇಕೇ, ಬಿಟ್ಟು ಭರವಸೆ ಇಡಬೇಕೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟಲು ಹೇಳಿದರು. ಹಲ್ಲುಜ್ಜುವುದು ಒಂಟೆಯನ್ನು ಕಟ್ಟುವ ಕೆಲಸ.

ಸಮುದಾಯಕ್ಕೆ ಕಷ್ಟವಾದೀತೆಂಬ ಭಯವಿಲ್ಲದಿದ್ದರೆ ಪ್ರತಿಯೊಂದು ನಮಾಝ್‌ನ ವೇಳೆಗೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆನೆಂಬ ಅವರ ಮಾತಿನಲ್ಲಿ ಎರಡು ಸಂಗತಿಗಳಿವೆ. ಶುಚಿತ್ವದ ಬಗ್ಗೆ ಅವರಿಗಿದ್ದ ಕಾಳಜಿ ಒಂದು, ಜನರ ಕಷ್ಟದ ಬಗ್ಗೆ ಇದ್ದ ಕರುಣೆ ಇನ್ನೊಂದು. ನಿದ್ದೆಯಿಂದೆದ್ದಾಗ, ಮನೆಗೆ ಪ್ರವೇಶಿಸಿದಾಗ ಅವರು ಮಿಸ್ವಾಕ್ ಮಾಡುತ್ತಿದ್ದರು. ಕೊನೆಯುಸಿರಿನ ಗಳಿಗೆಯಲ್ಲೂ ಮಿಸ್ವಾಕ್‌ನತ್ತ ನೋಡಿದಾಗ ಹ. ಆಯಿಶಾ(ರ) ಅದನ್ನು ಮೆದುಗೊಳಿಸಿ ಕೊಟ್ಟರು. ಆ ಬಾಯಿ ಜೀವನದ ಕೊನೆಯ ದಿನವೂ ಶುಚಿಯಾಗಿತ್ತು!

ಕೆಲವರು ಮಿಸ್ವಾಕ್ ಮತ್ತು ಬ್ರಷ್‌ಗಳನ್ನು ಎದುರಾಳಿಗಳಂತೆ ನಿಲ್ಲಿಸುತ್ತಾರೆ. ಇದರ ಅಗತ್ಯವಿಲ್ಲ. ವುಝೂ ವೇಳೆ ಮಿಸ್ವಾಕ್ ಮಾಡಿ, ಬೆಳಿಗ್ಗೆ ಮತ್ತು ಮಲಗುವ ಮುನ್ನ ಬ್ರಷ್‌ನಿಂದ ಉಜ್ಜಿ. ಹಲ್ಲುಗಳ ಸಂದಿಗೂ ಕ್ಯಾಪ್‌ನ ಅಂಚಿಗೂ ತಲುಪಲು ಮೃದುವಾದ ಬ್ರಷ್ ಅನುಕೂಲ. ಪೇಸ್ಟಿನ ಫ್ಲೋರೈಡ್ ಹಲ್ಲನ್ನು ಗಟ್ಟಿಗೊಳಿಸುತ್ತದೆ. ಇದ್ದಿಲು, ಬೂದಿ, ಉಪ್ಪಿನ ಹರಳುಗಳಿಂದ ಒತ್ತಿ ಉಜ್ಜಿದರೆ ಬಿಳುಪಾದಂತೆ ಕಂಡರೂ ಎನಾಮೆಲ್ ಸವೆಯುತ್ತದೆ.

ಹಲ್ಲನ್ನು ಉಳಿಸಿಕೊಳ್ಳುವ ವಿದ್ಯೆಯೂ ನಮ್ಮ ಪರಂಪರೆಗೆ ಹೊಸದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾದಲ್ಲಿದ್ದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಹಲ್ಲಿನ ಕಿಟ್ಟ ಕೆರೆಯುವ ಉಪಕರಣಗಳ ಚಿತ್ರಗಳನ್ನೇ ಕೊಟ್ಟಿದ್ದಾರೆ. ಹಲ್ಲು ಕೀಳಲು ಅವಸರಪಡಬಾರದು ಎಂದಿದ್ದಾರೆ. ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯುವ ಕ್ರಮವನ್ನೂ ವಿವರಿಸಿದ್ದಾರೆ.

ಕ್ಯಾಪ್ ಹಾಕಿಸುವವರ ಮನಸ್ಸಿನಲ್ಲಿ ಮೂಡುವ ಕೆಲವು ಸಂದೇಹಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ, ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ)ರ ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿದಾಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದ್ದರು. ಇದರ ಆಧಾರದಲ್ಲಿ ಚಿಕಿತ್ಸೆಯ ಅಗತ್ಯಕ್ಕಾಗಿ ಚಿನ್ನದ ಹಲ್ಲನ್ನು ವಿದ್ವಾಂಸರು ಅನುಮತಿಸಿದ್ದಾರೆ. ಮೆರವಣಿಗೆಗಾಗಿ ಹಾಕಿಸುವುದು ಬೇರೆ ವಿಷಯ. ಇಂದು ಬೇರೆ ಒಳ್ಳೆಯ ವಸ್ತುಗಳು ಸಿಗುವುದರಿಂದ ಚಿನ್ನದ ಅಗತ್ಯವೇ ಅಪರೂಪ. ಕಡ್ಡಾಯ ಸ್ನಾನದಲ್ಲಿ ಬಾಯಿ ಮುಕ್ಕಳಿಸುವುದು ಹನಫಿ ಮದ್‌ಹಬ್‌ನಲ್ಲಿ ಫರ್ಝ್, ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬ್‌ನಲ್ಲಿ ಸುನ್ನತ್. ಸಿಮೆಂಟಿನಿಂದ ಖಾಯಮ್ಮಾಗಿ ಕೂರಿಸಿದ ಕ್ಯಾಪನ್ನು ಸ್ನಾನಕ್ಕಾಗಿ ಕೀಳಬೇಕಿಲ್ಲ, ಅದು ಹಲ್ಲಿನದೇ ಭಾಗದಂತೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ತೆಗೆದು ಹಾಕಬಹುದಾದ ಹಲ್ಲಿನ ಸೆಟ್‌ನ ಬಗ್ಗೆ ನಿಮ್ಮ ಊರಿನ ಉಲಮಾರಲ್ಲಿ ವಿಚಾರಿಸಿ.

ಮನೆಯ ಕೆಲವು ಮಾತುಗಳು

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಹುಳುಕಿದೆ. ಹಾಲುಹಲ್ಲು ಹುಳುಕಾದ ಮಕ್ಕಳ ಸಂಖ್ಯೆ 51 ಕೋಟಿಗೂ ಹೆಚ್ಚು. ಇದರಲ್ಲಿ ನಮ್ಮ ಮನೆಯ ಪಾಲೆಷ್ಟು ಎಂದು ನೋಡಿಕೊಳ್ಳೋಣ.

ತಾಯಂದಿರೇ, ಮಗು ಅಳು ನಿಲ್ಲಿಸಲೆಂದು ಸಕ್ಕರೆ ಹಾಕಿದ ಹಾಲಿನ ಬಾಟ್ಲಿಯನ್ನು ಬಾಯಿಗಿಟ್ಟು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಆ ಸಿಹಿ ರಾತ್ರಿಯಿಡೀ ಹಲ್ಲನ್ನು ತಿನ್ನುತ್ತದೆ. ಬೀಳುವ ಹಲ್ಲಲ್ಲವೇ ಎಂದು ಉದಾಸೀನ ಮಾಡಬೇಡಿ. ಹಾಲುಹಲ್ಲಿನ ನೋವೂ ನೋವೇ, ಅದರ ಕೀವು ಕೆಳಗಿನ ಹೊಸ ಹಲ್ಲಿಗೂ ಕೇಡು ತರಬಲ್ಲದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ರಾಜ್ಯದ ಕೋಲಾರ, ರಾಯಚೂರಿನಂಥ ಜಿಲ್ಲೆಗಳ ಹಲವೆಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಮಿತಿಮೀರಿರುವುದರಿಂದ ಅಲ್ಲಿನವರು ಮಕ್ಕಳ ಪೇಸ್ಟಿನ ಬಗ್ಗೆ ವೈದ್ಯರ ಸಲಹೆ ಪಡೆಯಲಿ. ಒಳ್ಳೆಯದೂ ಅತಿಯಾದರೆ ಹಾನಿ.

ರಮಝಾನ್‌ನಲ್ಲಿ ಹೆಚ್ಚಿನ ಎಚ್ಚರ ಬೇಕು. ಇಫ್ತಾರ್‌ನಿಂದ ಸಹರಿಯ ತನಕ ಶರಬತ್ತು, ಕರಿದ ತಿಂಡಿ, ಸಿಹಿ ಎಂದು ಬಾಯಿಗೆ ಬಿಡುವೇ ಇಲ್ಲ. ಸಹರಿ ಉಂಡು ಹಾಗೆಯೇ ಮಲಗುವವರೂ ಇದ್ದಾರೆ. ಸಿಹಿಯನ್ನು ಊಟದೊಂದಿಗೆ ಮುಗಿಸಿ, ಸುಬ್‌ಹ್ ಬಾಂಗ್‌ಗೆ ಮೊದಲೇ ಹಲ್ಲುಜ್ಜಿ. ಉಪವಾಸದಲ್ಲಿ ಬಾಯಿ ವಾಸನೆ ಬಂದರೂ ಪರವಾಗಿಲ್ಲ ಎಂಬುದು ಹಲ್ಲು ಕೊಳೆಸಲು ಪರವಾನಗಿಯಲ್ಲ.

ಕ್ಯಾಪ್ ಇರುವವರು ನೆನಪಿಡಬೇಕಾದದ್ದು ಇಷ್ಟು. ಬ್ರಷ್‌ನ ಎಳೆಗಳನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಅಂಚಿನ ಗೆರೆಯನ್ನು ಮೃದುವಾಗಿ ಉಜ್ಜಿ. ಪಕ್ಕದ ಹಲ್ಲಿನೊಂದಿಗಿನ ಸಂದಿಯನ್ನು ದಿನಕ್ಕೊಮ್ಮೆ ಫ್ಲಾಸ್ ಎಂಬ ನೂಲಿನಿಂದಲೋ ಸಂದಿಗೆಂದೇ ಸಿಗುವ ಸಣ್ಣ ಬ್ರಷ್‌ನಿಂದಲೋ ಶುಚಿಗೊಳಿಸಿ. ಸೂಜಿ, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಆ ಹಲ್ಲಿನಿಂದ ಐಸ್ ತುಂಡು, ಎಲುಬು, ಅಡಿಕೆ ಕಡಿಯಬೇಡಿ. ಅಡಿಕೆಯ ಮಾತು ಬಂದುದರಿಂದ ಹೇಳುತ್ತೇನೆ, ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ. ಕ್ಯಾಪ್ ಅಲುಗಾಡಿದರೆ, ಅಲ್ಲಿಂದ ಕೆಟ್ಟ ವಾಸನೆ ಅಥವಾ ರುಚಿ ಬಂದರೆ, ನೂಲು ಅಲ್ಲಿ ಸಿಕ್ಕಿಕೊಂಡು ಹರಿದರೆ ನೋವಿಗಾಗಿ ಕಾಯಬೇಡಿ. ನೋವು ಬಾರದೆಯೂ ಇರಬಹುದು. ಕಳಚಿ ಬಂದರೆ ಎಸೆಯದೆ ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಿರಿ, ಅಂಗಡಿಯ ಅಂಟು ಹಾಕಿ ನೀವೇ ಕೂರಿಸಬೇಡಿ. ಏನೂ ತೊಂದರೆಯಿಲ್ಲದಿದ್ದರೂ ಆಗಾಗ ತೋರಿಸಿ. ಕ್ಯಾಪ್‌ನ ಕೆಳಗಿನದು ಕನ್ನಡಿಗೆ ಕಾಣುವುದಿಲ್ಲ.

ಮನೆಯ ಹಿರಿಯರನ್ನು ಮರೆಯಬೇಡಿ. ಕೈ ನಡುಗುವ ಅಜ್ಜಿಗೆ, ಪಾರ್ಶ್ವವಾಯು ಬಡಿದ ತಂದೆಗೆ ತಾವಾಗಿ ಹಲ್ಲುಜ್ಜಲು ಆಗುವುದಿಲ್ಲ. ಅವರ ಬಾಯಿಯನ್ನು ಶುಚಿಗೊಳಿಸುವ ಮಗ, ಮಗಳು, ಸೊಸೆ ಒಂದು ಅಮಾನತ್ತನ್ನು ತಾವು ಹೊತ್ತುಕೊಂಡಿದ್ದಾರೆ. ನಾವು ಬೊಚ್ಚುಬಾಯಿಯವರಾಗಿದ್ದಾಗ ತುತ್ತು ಮಿದಿದು ಕೊಟ್ಟ ಕೈಗಳಲ್ಲವೇ ಅವು? ಹಾಗೆಯೇ ನಿಮ್ಮ ಮನೆಗೆಲಸದವಳು ಕೆನ್ನೆ ಊದಿಸಿಕೊಂಡು ಬಂದರೆ “ನೋವಿನ ಮಾತ್ರೆ ತಿನ್ನು” ಎಂದು ಕಳುಹಿಸಬೇಡಿ, ಆಸ್ಪತ್ರೆಗೆ ಹೋಗಲು ಒಂದು ದಿನದ ರಜೆಯನ್ನೂ ಖರ್ಚನ್ನೂ ಕೊಡಿ. ಅವಳ ಪೆಟ್ಟಿಗೆಗೆ ಬೀಗ ಹಾಕಲು ಅವಳ ಕೈಯಲ್ಲಿ ಹಣವಿಲ್ಲದಿದ್ದರೆ, ನಿಮ್ಮ ಕೈಯಲ್ಲಿರುವ ಹಣದ ಲೆಕ್ಕವನ್ನೂ ಒಬ್ಬನು ಕೇಳಲಿದ್ದಾನೆ.

ನನ್ನ ಬಾಯಿಯಲ್ಲಿ ಈಗ ಆ ಹಲ್ಲಿನ ಜಾಗ ಖಾಲಿಯಿದೆ. ನಾಲಿಗೆ ದಿನಕ್ಕೆ ಹಲವು ಸಲ ಅಲ್ಲಿಗೆ ಹೋಗಿ ಬರುತ್ತದೆ. ಹೋದಾಗಲೆಲ್ಲ ಉಮ್ಮನ ಪಾತ್ರೆಯ ಮಾತು ನೆನಪಾಗುತ್ತದೆ. ಕೊಟ್ಟವನ ಬಳಿಗೆ ಎಲ್ಲವನ್ನೂ ಹಿಂದಿರುಗಿಸುವ ದಿನವೊಂದಿದೆ. ಸವೆದಿರಬಹುದು, ಬಿರುಕು ಬಿಟ್ಟಿರಬಹುದು, ಅದು ಕಾಲದ ಕೆಲಸ. ಆದರೆ ತೊಳೆಯದೆ ಹಿಂದಿರುಗಿಸಿದರೆ ಏನೆಂದು ಹೇಳೋಣ? ಇಂದು ರಾತ್ರಿ ಇಶಾ ಮುಗಿಸಿ ಮಲಗುವ ಮುನ್ನ ಎರಡು ನಿಮಿಷ ಅದಕ್ಕಾಗಿ ಮೀಸಲಿಡಿ. ಅಲ್ಲಾಹನು ನಮ್ಮ ಬಾಯಿಯನ್ನೂ ಅದರಿಂದ ಹೊರಡುವ ಮಾತನ್ನೂ ಶುಚಿಯಾಗಿರಿಸಲಿ, ಆಮೀನ್.